ನಾಲ್ಕನೇ ಸೇತುವೆಯ ಹಸಿರು

ಮಮದಾಪುರದಿಂದ ಫೋನ್ ಮಾಡಿದ ಗ್ರಾಹಕನ ದೂರು ಕೇಳಿ ನನಗೆ ಮಾತೇ ಹೊರಡಲಿಲ್ಲ. ಮಾತು ಹೊರಡದಿರುವುದು ನನ್ನ ಜಾಯಮಾನವಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿದಾಗ ಪರ ಬಂದರೂ ವಿರೋಧ ಬಂದರೂ ಎದ್ದು ನಿಂತು ವಾದಿಸಿದವಳು ನಾನು. ಆತನ ಮಾತಿಗೆ ಮಾತ್ರ ಎರಡೂ ಹೊಳೆಯಲಿಲ್ಲ.

“ನಿಮ್ಮ ಕ್ಯಾಸೆಟ್ ಕೆಟ್ಟೈತ್ರಿ,” ಅಂದ.

“ಏನಾಗೈತ್ರಿ? ಚಾಲೂ ಆಗವಲ್ದೇನು?”

“ಚಾಲೂ ಆಗತೈತ್ರಿ. ಮುಗಿಯವಲ್ದು.”

“ಅಂದ್ರ?”

“ನಾಕನೇ ಬ್ರಿಜ್ ದಾಟಿದ್ರ ಐದನೇದು ಬರಾಕತ್ತೈತಿ. ಹಸರ ಬರಬೇಕಲ್ರಿ? ಹಸರ ಎಲ್ಲಿ?”

ಆಟ ಇನ್ನೂ ಇದೆ ಎಂದು ಯಾರಾದರೂ ದೂರು ಕೊಡುತ್ತಾರೆಯೇ?

ನಾವು ಮಾರುವುದು ಹಳೆಯ ವಿಡಿಯೋ ಗೇಮ್‌ಗಳನ್ನು. ಟಿವಿಗೆ ವೈರ್ ಜೋಡಿಸಿ, ಮೇಲಿಂದ ಅಂಗೈಯಗಲದ ಕ್ಯಾಸೆಟ್ ತೂರಿಸಿ ಆಡುವಂಥವು. ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನ ಕಾಕಾನ ಅಂಗಡಿಯಿದೆ. ಎಲ್ಲರ ಕೈಗೂ ಮೊಬೈಲ್ ಬರುವ ಮೊದಲು ಆತ ಇವನ್ನೇ ಮಾರುತ್ತಿದ್ದ, ಬಾಡಿಗೆಗೂ ಕೊಡುತ್ತಿದ್ದ. ಈಗ ಮಿಕ್ಸರ್ ಜಾರು, ಫ್ಯಾನಿನ ಸಾಮಾನು ಮಾರುತ್ತಾನೆ. ಮಾರಾಟವಾಗದೆ ಉಳಿದ ಮಾಲು ಅಟ್ಟದ ಮೇಲೆ ಚೀಲಗಳಲ್ಲಿ ಧೂಳು ತಿನ್ನುತ್ತಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ಕಾಕಾನ ಮಗಳೂ ನಾನೂ ಅದನ್ನು ಇಳಿಸಿಕೊಂಡು ಆನ್‌ಲೈನ್ ಅಂಗಡಿ ತೆರೆದೆವು. ರಿಪೇರಿ ಅವಳದು. ಫೋಟೋ, ವಿವರಣೆ, ಫೋನು ಮತ್ತು ಜಗಳ ನನ್ನವು.

ಗ್ರಾಹಕನಿಗೆ ಏನು ಬೇಕು ಎಂಬ ವಿಷಯದಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. ವಸ್ತು ಕೆಲಸ ಮಾಡಬೇಕು. ನಾವು ಬರೆದದ್ದಕ್ಕೂ ಕಳಿಸಿದ್ದಕ್ಕೂ ತಾಳೆಯಾಗಬೇಕು. ಉಳಿದದ್ದು ಬರೀ ಭಾವುಕತೆ, ಅದಕ್ಕೆ ಕೊರಿಯರ್ ಸೇವೆಯಿಲ್ಲ ಎಂದು ಅವಳಿಗೆ ಹೇಳಿದ್ದೆ. ಆದರೆ ಬರುತ್ತಿದ್ದ ಫೋನುಗಳೇ ಬೇರೆ. ನಿಡೋಣಿಯಿಂದ ಒಬ್ಬರು, ಒತ್ತಿದರೆ ಹೊಳ್ಳಿ ಬಾರದೆ ಅಂಟಿಕೊಳ್ಳುವ ಬಟನ್ನೇ ಬೇಕೆಂದರು. ಕ್ಯಾಸೆಟ್ಟಿನ ಬಾಯಿಗೆ ಊದಿ ಧೂಳು ಹಾರಿಸಿ ಆಡಿದ ಕಾಲದ ಇನ್ನೊಬ್ಬರು ಕೇಳಿದ್ದು ಹೀಗೆ: “ಊದಿದ ಮ್ಯಾಲ ಚಾಲೂ ಆಗತೈತೇನ್ರಿ? ಊದಲಾರದ ಚಾಲೂ ಆದ್ರ ಅದು ಡುಪ್ಲಿಕೇಟ್ ನೋಡ್ರಿ.” ಇಡೀ ಮಾಲೇ ನಕಲಿಯಾಗಿದ್ದ ಕಾಲದಲ್ಲಿ ಆಡಿ ಬೆಳೆದ ಮನುಷ್ಯ ಅಸಲಿಯ ಲಕ್ಷಣ ಹೇಳುತ್ತಿದ್ದ. ನಾನು ವಾದಿಸಿದೆ. ಆತ ಫೋನಿಟ್ಟ.

ಮಮದಾಪುರದವನ ಹಸಿರಿನ ಮೂಲ ಕಾಕಾನ ಮಗಳಿಗೆ ಗೊತ್ತಿತ್ತು. ಕಾಕಾನ ಅಂಗಡಿಯ ಹಳದಿ ಚೀಟಿ ಅಂಟಿಸಿದ ‘ಬ್ರಿಜ್ ಆಟ’ದ ಕ್ಯಾಸೆಟ್‌ಗಳು ಅಟ್ಟದಲ್ಲಿ ಬಹಳ ಸಿಕ್ಕಿದ್ದವು. ಒಬ್ಬ ಸಿಪಾಯಿ ಗುಂಡು ತಪ್ಪಿಸಿಕೊಳ್ಳುತ್ತ ಸೇತುವೆಗಳನ್ನು ದಾಟುವ ಆಟ. ಮಾರಾಟಕ್ಕಿಡುವ ಮೊದಲೇ ಅವಳು ಒಂದೊಂದನ್ನೇ ಹಾಕಿ ನೋಡಿದ್ದಳು. ಎಲ್ಲವೂ ನಾಲ್ಕನೇ ಸೇತುವೆಯ ಕೊನೆಗೆ ಬಂದು ನಿಂತುಬಿಡುತ್ತಿದ್ದವು. ಪರದೆಯೆಲ್ಲ ಹಸಿರಾಗಿ ಒಂದೇ ಸಪ್ಪಳ ಎಳೆಯುತ್ತಿತ್ತು. ನಕಲು ಮಾಡುವಾಗಲೇ ಆದ ದೋಷ. ಅವಳು ಒಳಗಿನ ಬೋರ್ಡ್ ಬದಲಿಸಿ, ಹಳೆಯ ಡಬ್ಬಿ ಮತ್ತು ಹಳದಿ ಚೀಟಿಯನ್ನು ಹಾಗೇ ಉಳಿಸಿದಳು. ಈಗ ಆಟ ಕೊನೆಯತನಕ ಓಡುತ್ತಿತ್ತು. ‘ಸಂಪೂರ್ಣ ಸುಸ್ಥಿತಿಯಲ್ಲಿದೆ’ ಎಂದು ನಾನು ಹೆಮ್ಮೆಯಿಂದ ಬರೆದಿದ್ದೆ.

ಫೋನಿಟ್ಟವಳೇ ಕಾಕಾನ ಗಲ್ಲಾದ ಮುಂದೆ ನಿಂತೆ.

“ಬ್ರಿಜ್ ಆಟ ಕೆಟ್ಟಿದ್ದು ನಿನಗ ಗೊತ್ತಿತ್ತೇನು ಕಾಕಾ?”

“ಗೊತ್ತಿತ್ತು.”

“ಮತ್ತ ಮಾರಿದಿ?”

“ಮೊದಲ ಗೊತ್ತಿರಲಿಲ್ಲ ಬೇ. ಮುಂಬೈದಾಂವ ಗಂಟು ಕಟ್ಟಿ ಕೊಟ್ಟ, ನಾ ತೊಗೊಂಡು ಬಂದೆ. ಒಂದಿನ ಒಬ್ಬಾಂವ ಓಡಿಕೋತ ಬಂದ. ಕಾಕಾ, ನಾ ಗೆದ್ದೆ, ಟಿವಿ ಎಲ್ಲಾ ಹಸರಾತು ಅಂದ. ಅವನ ಮಾರಿ ಮ್ಯಾಲಿನ ಖುಷಿ ನೋಡಬೇಕಿತ್ತು ನೀ. ಇಲ್ಲಪಾ, ಅದು ಕೆಟ್ಟೈತಿ ಅನ್ನಬೇಕಿತ್ತೇನು ನಾ?”

“ಹೌದು, ಅನ್ನಬೇಕಿತ್ತು.”

“ನೀ ಆಗಿದ್ರ ಅಂತಿದ್ದಿ. ನಾ ಒಂದ ಪೇಡೆ ಕೊಟ್ಟೆ.”

ಆ ಪೇಡೆಯಿಂದ ಒಂದು ಪದ್ಧತಿಯೇ ಹುಟ್ಟಿತಂತೆ. ಹಸಿರು ಬಂದವರಿಗೆ ಕಾಕಾನ ಅಂಗಡಿಯಲ್ಲಿ ಪೇಡೆ. ಹಸಿರು ಬಂದರೆ ಟಿವಿ ಆರಿಸುವಂತಿಲ್ಲ; ಮನೆಯವರು, ಓಣಿಯವರು ಬಂದು ನೋಡಬೇಕು. ಯಾರೂ ನೋಡದ ಹಸಿರು ಲೆಕ್ಕಕ್ಕಿಲ್ಲ. ತಿಕೋಟಾ, ಬಬಲೇಶ್ವರ, ಮಮದಾಪುರ, ಎಲ್ಲ ಕಡೆಯವರೂ ಸಂತೆಗೋ ಬಟ್ಟೆಗೋ ಗಾಂಧಿ ಚೌಕಕ್ಕೆ ಬಂದವರು ಇದೇ ಅಂಗಡಿಯಿಂದ ಕ್ಯಾಸೆಟ್ ಒಯ್ದಿದ್ದರು. ಅಂದರೆ ಈ ಸೀಮೆಯ ಒಂದು ತಲೆಮಾರು ಯಂತ್ರ ಕೆಟ್ಟು ನಿಂತದ್ದನ್ನು ಗೆಲುವು ಎಂದು ನಂಬಿ ಬೆಳೆದಿದೆ. ನನ್ನ ಕಾಕಾ ಆ ನಂಬಿಕೆಗೆ ಪೇಡೆ ಹಂಚಿದ್ದಾನೆ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಥರದ ಮಂಕು. ಹೋಗಿ ವೆಬ್‌ಸೈಟಿನಲ್ಲಿ ‘ಹಳೆಯ ದೋಷ ಸರಿಪಡಿಸಲಾಗಿದೆ, ಹಸಿರು ಪರದೆ ಬರುವುದಿಲ್ಲ’ ಎಂದು ಸೇರಿಸಿದೆ. ಸತ್ಯ ಬರೆದಾಯಿತು, ವಾದ ಮುಗಿಯಿತು ಅಂದುಕೊಂಡೆ.

ನಾಗರ ಪಂಚಮಿಗೆ ಇನ್ನೇನು ಕೆಲವೇ ದಿನಗಳಿದ್ದಾಗ ತಿಕೋಟಾದಿಂದ ಒಬ್ಬ ಹೆಂಗಸು ಅಂಗಡಿಗೇ ಬಂದರು. ಅಲ್ಲಿ ಗಂಡನೊಂದಿಗೆ ಸೀರೆ ಅಂಗಡಿ ನಡೆಸುವವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರಿರಬೇಕು. ನಾನು ಆ ಸಾಲು ಸೇರಿಸುವ ಮೊದಲೇ ನಮ್ಮಿಂದ ತರಿಸಿಕೊಂಡಿದ್ದ ಬ್ರಿಜ್ ಆಟದ ಕ್ಯಾಸೆಟ್ಟನ್ನು ಗಲ್ಲಾದ ಮೇಲಿಟ್ಟರು.

“ಇದನ್ನ ರಿಪೇರಿ ಮಾಡೀರೇನು?”

“ಹೌದ್ರಿ ಅಕ್ಕಾರ. ಮೊದಲಕಿಂತ ಚಲೋ ಓಡತೈತ್ರಿ ಈಗ.”

“ಯಾರ ಹೇಳಿದ್ರು ಮಾಡಂತ?”

ದನಿ ಏರಿರಲಿಲ್ಲ. ನಾನು ಒಂದು ಸ್ಟೂಲು ಮುಂದೆ ಸರಿಸಿದೆ.

ಅವರ ತವರು ಬಬಲೇಶ್ವರ. ಚಿಕ್ಕಂದಿನಲ್ಲಿ ಮನೆಗೆ ವಿಡಿಯೋ ಗೇಮ್ ತಂದದ್ದು ಅಣ್ಣನಿಗೆ. ಹೆಣ್ಣುಮಕ್ಕಳು ಕೂತು ನೋಡಬೇಕು. ಒಂದು ಮಧ್ಯಾಹ್ನ ಅಣ್ಣ ಕ್ರಿಕೆಟ್‌ಗೆ ಹೋದಾಗ ಇವರು ಆಡಿದರು, ನಾಲ್ಕನೇ ಸೇತುವೆ ದಾಟಿದರು, ಹಸಿರು ಬಂತು. ಅವ್ವನನ್ನು ಕರೆಯಲು ಹಿತ್ತಲಿಗೆ ಓಡಿದರು. ಹೊಳ್ಳಿ ಬರುವಷ್ಟರಲ್ಲಿ ಕರೆಂಟ್ ಹೋಗಿತ್ತು.

“ಅವತ್ತಿಂದ ನಾ ಸುಳ್ಳಿ,” ಅಂದರು. “ಪ್ರತಿ ಪಂಚಮಿಗೆ ತವರಿಗೆ ಹೋದ್ರ ಹಸರ ಕಂಡಾಕಿ ಬಂದ್ಲು ಅಂತಾರ. ನಗ್ತಾರ, ನಾನೂ ನಗ್ತೇನಿ. ಆದ್ರ ಅದು ಅಷ್ಟಕ್ಕ ನಿಲ್ಲಂಗಿಲ್ಲ ತಂಗಿ. ಹೊಲದ ವಿಷಯ ಇರ್ಲಿ, ಅವ್ವನ ಔಷಧದ ವಿಷಯ ಇರ್ಲಿ, ನಾ ಒಂದ ಮಾತು ಹೇಳಿದ್ರ, ಹಸರ ಕಂಡಾಕಿ ಮಾತದು, ಬಿಡ್ರಿ ಅಂತಾರ. ನಿಮ್ಮ ಅಂಗಡಿ ಹಳದಿ ಚೀಟಿ ಫೋನಿನ್ಯಾಗ ನೋಡಿದ ಕೂಡಲೇ ತರಿಸಿದೆ. ಮೊನ್ನೆ ಅಣ್ಣ ತಿಕೋಟಾಕ ಬಂದಾಗ ಅವನ ಮುಂದ ಕುಂತು ಆಡಿದೆ. ನಾಕನೇದು ದಾಟಿದೆ. ಐದನೇದು ಬಂತು.”

“ಅಣ್ಣಾರು ಏನಂದ್ರು?”

“ಏನ ಅಂತಾನ? ಚಾ ಕುಡದು ನಕ್ಕೋತ ಹೋದ.”

ನಾವು ಸರಿಪಡಿಸಿದ ಕ್ಯಾಸೆಟ್ ಆಕೆಯನ್ನು ಪುರಾವೆ ಸಮೇತ ಸುಳ್ಳಿಯನ್ನಾಗಿ ಮಾಡಿತ್ತು. ಇಷ್ಟು ನಿಖರವಾದ ಅನ್ಯಾಯವನ್ನು ಯೋಜನೆ ಹಾಕಿದ್ದರೂ ಮಾಡಲಾಗುತ್ತಿರಲಿಲ್ಲ. ನಾನು ಗಡಬಡಿಸಿ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ.

“ನಾ ಬಬಲೇಶ್ವರಕ್ಕ ಬರ್ತೇನ್ರಿ. ಹಳೇದರಾಗ ಹಸರ ಬರ್ತಿತ್ತು, ನಾವ ತಗದೇವಿ ಅಂತ ಎಲ್ಲಾರ ಮುಂದ ಹೇಳ್ತೇನಿ. ಅದು ಗೆದ್ದ ಗುರುತಲ್ಲ, ಕೆಟ್ಟಿದ್ದು ಅನ್ನೂದನ್ನೂ ಹೇಳ್ತೇನಿ.”

ಹಸಿರೆಂದರೆ ಕ್ಯಾಸೆಟ್ ಕೆಟ್ಟು ನಿಂತದ್ದು ಎಂದು ಆಕೆಗೆ ತಿಳಿದದ್ದು ಆಗಲೇ. ಗಲ್ಲಾದ ಮೇಲಿನ ಕ್ಯಾಸೆಟ್ಟನ್ನು ಎತ್ತಿ ತಿರುವಿ ನೋಡಿದರು. ಕಾಕಾ ಅತ್ತ ತಿರುಗಿ ಒಂದು ಜಾರು ಒರೆಸತೊಡಗಿದ.

“ಕೆಟ್ಟಿದ್ದಾ,” ಅಂದರು. ಆಮೇಲೆ, “ಇರ್ಲಿ. ನೀವ ಬಂದು ಹೇಳಿದ್ರ ನಿಮ್ಮ ಮಾತು ನಂಬ್ತಾರ, ನನ್ನ ಮಾತಲ್ಲ. ನನಗ ಕೆಟ್ಟಿದ್ದನ್ನ ಕೊಡ್ರಿ.”

ಕೆಟ್ಟದ್ದು ಎಲ್ಲಿತ್ತು? ತೆಗೆದ ಬೋರ್ಡ್‌ಗಳನ್ನೆಲ್ಲ ಕಾಕಾನ ಮಗಳು ಗುಜರಿಗೆ ಹಾಕಿದ್ದಳು. ಅವಳು ಅಟ್ಟ ಹತ್ತಿ ಬರೀ ಚೀಲ ಜಾಡಿಸಿದಳು. ಆಗ ಕಾಕಾ ಜಾರು ಕೆಳಗಿಟ್ಟು, ಗಲ್ಲಾದ ಹಿಂದೆ ಗಿರಾಕಿಗಳಿಗೆ ಆಡಿ ತೋರಿಸಲು ಇಟ್ಟುಕೊಂಡಿದ್ದ ತನ್ನ ಹಳೇ ಗೇಮ್ ಸೆಟ್ಟಿನಿಂದ, ಮಗಳ ರಿಪೇರಿಗೆ ಸಿಗದೆ ಉಳಿದಿದ್ದ ಬ್ರಿಜ್ ಆಟದ ಕ್ಯಾಸೆಟ್ ಕಿತ್ತು ನನ್ನ ಕೈಗಿಟ್ಟು ಆಕೆಗೆ ಹೇಳಿದ:

“ಇದು ಮಾರೂದಲ್ಲ. ಒಯ್ದು ಆಡಿ ಹೊಳ್ಳಿ ತರ್ರಿ. ನೀನೂ ಹೋಗ ಬೇ ಜೋಡಿ.”

ಪಂಚಮಿಯ ದಿನ ಬಬಲೇಶ್ವರದ ಬಸ್ ಹತ್ತಿದೆ. ಕಾಕಾನ ಕ್ಯಾಸೆಟ್ ಜೊತೆ ರಿಪೇರಿಯಾದದ್ದನ್ನೂ ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ಅವಕಾಶ ಸಿಕ್ಕರೆ ಎರಡನ್ನೂ ತೋರಿಸಿ ವಾದಿಸಿಯೇ ಬಿಡುವ ಹುನ್ನಾರ. ಆಕೆಯ ತವರುಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು. ಶೇಂಗಾ ಉಂಡಿ, ಅಳ್ಳಿಟ್ಟು ತಟ್ಟೆಯಲ್ಲಿ ಬಂದವು. ಅಣ್ಣ ಊರಲ್ಲಿ ಬೀಜ ಗೊಬ್ಬರದ ವ್ಯಾಪಾರಿ, ನಗುಮುಖದ ಮನುಷ್ಯ. ಕೆಟ್ಟವನೆಂದು ಹೇಳಲಾರೆ.

“ಏನ ಹಸರ ಕಂಡಾಕಿ, ಈ ಸಲ ಅಂಗಡಿಯವ್ರನ್ನ ಕರಕೊಂಡ ಬಂದಿ?” ಅಂದ. ನನ್ನ ಕಡೆ ತಿರುಗಿ, “ನೀವ ಕೇಳ್ರಿ ಬಾಯಾರ. ಹಸರ ಬಂದ್ರ ತುತ್ತೂರಿ ಊದತೈತಿ, ಮೂರ ಸಲ. ನನಗ ಎಷ್ಟ ಸಲ ಬಂದೈತಿ. ಈಕಿ ಮಾತ್ರ ಬಸ್ಸಿನ ಹಾರನ್ ಗತೆ ಒಂದ ಸಪ್ಪಳ ಅಂತಾಳ. ಕಂಡಾಕಿ ಆಗಿದ್ರ ತುತ್ತೂರಿ ಕೇಳಬೇಕಿತ್ತಿಲ್ಲೋ?”

ತುತ್ತೂರಿ? ಕಾಕಾನ ಮಗಳು ಪರೀಕ್ಷಿಸಿದ ಒಂದು ಕ್ಯಾಸೆಟ್ಟಿನಲ್ಲೂ ತುತ್ತೂರಿ ಇರಲಿಲ್ಲ. ಬಾಯಿ ತೆರೆದೆ. ತಿಕೋಟಾದ ಅಕ್ಕ ನನ್ನತ್ತ ನೋಡದೆಯೇ ಕೈ ಅಡ್ಡ ಮಾಡಿದರು. ನನ್ನಿಂದ ಕಾಕಾನ ಕ್ಯಾಸೆಟ್ ಇಸಿದುಕೊಂಡು, ಊದಿ, ತಿಕೋಟಾದಿಂದ ತಂದು ಟಿವಿಗೆ ಜೋಡಿಸಿದ್ದ ಸೆಟ್ಟಿಗೆ ತೂರಿಸಿ, ನೆಲದ ಮೇಲೆ ಕೂತರು.

ಎರಡನೇ ಸೇತುವೆಯಲ್ಲೇ ಸಿಪಾಯಿ ಬಿದ್ದ. ಯಾರೋ ನಕ್ಕರು. ಮತ್ತೆ ಮೊದಲಿಂದ. ಮೂರನೆಯದು ದಾಟುವಾಗ ವೈನಿ ಒಲೆ ಸಣ್ಣ ಮಾಡಿ ಬಂದು ಬಾಗಿಲಲ್ಲಿ ನಿಂತರು. ನಾಲ್ಕನೆಯದರ ಕೊನೆಯ ಹಲಗೆಯ ಮೇಲೆ ಸಿಪಾಯಿ ಕಾಲಿಟ್ಟ. ಪರದೆ ಹಸಿರಾಯಿತು. ಒಂದೇ ಸಪ್ಪಳ, ಬಸ್ ನಿಲ್ದಾಣದಲ್ಲಿ ಹಾರನ್ ಸಿಕ್ಕಿಕೊಂಡಂತೆ, ನಿಲ್ಲಲೇ ಇಲ್ಲ.

ಅವ್ವ ಕನ್ನಡಕ ಸರಿಮಾಡಿಕೊಂಡು ಟಿವಿಯ ಹತ್ತಿರ ಬಂದರು. ಕೇಳಿದ್ದು ವೈನಿ, ತಮ್ಮ ಗಂಡನನ್ನು: “ತುತ್ತೂರಿ ಎಲ್ರಿ?”

ಅಣ್ಣ ಟಿವಿಯತ್ತಲೇ ನೋಡುತ್ತಿದ್ದ. ಉಂಡಿ ಹಿಡಿದ ಕೈ ಬಾಯಿಯ ಹತ್ತಿರ ಹಾಗೇ ಇತ್ತು.

“ಇದು ಕೆಟ್ಟ ಕ್ಯಾಸೆಟ್,” ಅವನ ತಂಗಿ ಹೇಳಿದರು. “ಇವ್ರ ಹೇಳ್ಯಾರ. ಗೆದ್ದಿದ್ದಲ್ಲ ಇದು, ಅಲ್ಲಿಗೆ ಬಂದು ನಿಂತುಬಿಡತೈತಿ. ನಾ ಗೆದ್ದೆ ಅಂದಿದ್ದು ತಪ್ಪ ಇರಬಹುದು. ಕಂಡೇನಿ ಅಂದಿದ್ದು ಖರೇ ಹೌದೋ ಅಲ್ಲೋ, ಹೇಳ್ರಿ.”

ನಾನು ಬ್ಯಾಗಿನಲ್ಲಿ ತುಂಬಿಕೊಂಡು ಬಂದಿದ್ದ ವಾದವನ್ನೆಲ್ಲ ಆಕೆ ಎರಡಾಗಿ ಸೀಳಿ, ಬೇಕಾದ ಹೋಳನ್ನಷ್ಟೇ ಇಟ್ಟುಕೊಂಡಿದ್ದರು. ಆದರೆ ನಿಜವಾಗಿ ನನ್ನನ್ನು ಅಲ್ಲಾಡಿಸಿದ್ದು ಆಮೇಲೆ ಬಂದ ಮಾತು.

“ನನಗ ಎಂದೂ ಹಸರ ಬಂದಿಲ್ಲ,” ಅಣ್ಣ ಅಂದ.

“ಏನು?” ಅಂದರು ಅವ್ವ.

“ಮೂರನೇದು ದಾಟೇ ಇಲ್ಲ ನಾ. ಎಲ್ಲಾರಿಗೂ ಬಂತು, ನನಗ ಬರವಲ್ದು. ಬಂತು ಅಂತ ಹೇಳಿದೆ.”

“ಓಣಿಗೆಲ್ಲಾ ಪೇಡೆ ಹಂಚಿದ್ದೆಲ್ಲೋ ಯಪ್ಪಾ? ಅಂಗಡಿಯಾಂವ ಕೊಟ್ಟ ಅಂದಿ.”

“ಮಿಠಾಯಿ ಅಂಗಡಿಯಾಗ ಕೊಂಡ ತಂದಿದ್ದೆ.”

ಯಾರೂ ನಗಲಿಲ್ಲ. ತಂಗಿಯ ಮುಖದಲ್ಲಿ ಗೆದ್ದ ಕಳೆ ಹುಡುಕಿದೆ, ಇರಲಿಲ್ಲ. ಆಕೆ ನನಗಿಂತ ಹೆಚ್ಚು ಬೆಚ್ಚಿಬಿದ್ದಿದ್ದರು. ಕಂಡವಳನ್ನು ವರ್ಷಗಟ್ಟಲೆ ಅನುಮಾನಿಸಿದ ಮನೆ, ಕಾಣದವನನ್ನು ಒಮ್ಮೆಯೂ ಕೇಳಿರಲಿಲ್ಲ. ಅವನ ಹಸಿರನ್ನು ನೋಡಿದವರು ಯಾರು ಎಂದು ಒಬ್ಬರಿಗೂ ಹೊಳೆದಿರಲಿಲ್ಲ, ಆಕೆಗೂ ಕೂಡ. ಎಲ್ಲವನ್ನೂ ಪ್ರಶ್ನಿಸುತ್ತೇನೆ ಎಂದು ಹೇಳಿಕೊಂಡು ತಿರುಗುವ ನನಗೂ ತುತ್ತೂರಿಯ ಮಾತು ಬರುವತನಕ ಹೊಳೆದಿರಲಿಲ್ಲ. ನಮ್ಮ ಸಂಶಯ ಯಾವಾಗಲೂ ಒಂದೇ ಕಡೆ ವಾಲಿ ಕೂತಿರುತ್ತದೆ. ಅದು ಗೊತ್ತೂ ಆಗುವುದಿಲ್ಲ.

ಅವ್ವ ಮಗಳ ಪಕ್ಕದಲ್ಲಿ ನೆಲಕ್ಕೆ ಕೂತರು, ಮೊಣಕಾಲು ಹಿಡಿದುಕೊಂಡು, ನಿಧಾನಕ್ಕೆ. “ಹಿತ್ತಲಕ್ಕ ಓಡಿ ಬಂದಿದ್ದಿ,” ಅಂದರು. “ಮುಸರಿ ಭಾಂಡೆ ತಿಕ್ಕೋತ ಕುಂತಿದ್ದೆ. ಬರ್ತೇನಿ ತಡಿ ಅಂದೆ.” ಮಗಳು ತಾಯಿಯ ಕೈಗೆ ಒಂದು ಉಂಡಿ ಕೊಟ್ಟರು.

ಆಮೇಲೆ ಕಾಕಾನ ಕ್ಯಾಸೆಟ್ ಕಿತ್ತು ನನ್ನ ಕೈಗಿಟ್ಟು ಕೇಳಿದರು: “ಆ ಚಲೋದನ್ನ ತಂದೀರೇನು?”

“ತಂದೇನ್ರಿ. ಯಾಕ?”

“ಐದನೇದರ ಮುಂದ ಏನೈತಿ ನೋಡೂಣು. ಮೊನ್ನೆ ತಿಕೋಟಾದಾಗ ಹೊಟ್ಟಿ ಉರದು ಆರಿಸಿಬಿಟ್ಟೆ.”

ಅಣ್ಣ ಉಂಡಿ ತಟ್ಟೆಯಲ್ಲಿಟ್ಟು, ಧೋತರಕ್ಕೆ ಕೈ ಒರೆಸಿಕೊಂಡು ನೆಲಕ್ಕಿಳಿದ. ಸೆಟ್ಟಿನ ಎರಡನೇ ರಿಮೋಟಿನ ವೈರ್ ಬಿಡಿಸುತ್ತ, ತಂಗಿಯ ಮುಖ ನೋಡದೆ, “ನಾನೂ ಬರ್ತೇನಿ,” ಅಂದ.

“ನೀ ಮೂರನೇದ ದಾಟಿಲ್ಲ,” ತಂಗಿ ಅಂದರು. “ಮೊದಲಿಂದ ಹಚ್ಚತೇನಿ, ಬಾ.”