ಎರಡು ಬೆಲಾಯಾ

ಇವತ್ತು ಕಪಾಟು ಝಾಡಿಸುವಾಗ ಹಳೆಯ ನಕಾಶೆ ಪುಸ್ತಕ ಕೈಗೆ ಬಂತು. ರಷ್ಯಾದ ಪುಟದಲ್ಲಿ ನಾನೇ ಕೆಂಪು ಪೆನ್ಸಿಲ್ಲಿನಿಂದ ಸುತ್ತಿದ ಎರಡು ಗುರುತುಗಳಿವೆ. ಅವನ್ನು ಕಂಡರೆ ಈಗಲೂ ಆ ಒಂದು ದಿನ ನೆನಪಾಗುತ್ತದೆ.

ಬೀದರ ಜಿಲ್ಲೆಯ ಹಲಬರ್ಗಾದ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವನು ನಾನು. ಹೀಗಾಗಿ ಔರಾದಿನ ಅಕ್ಕನ ಮಗಳು ಸವಿತಾ ಡಾಕ್ಟರಿ ಓದಲು ರಷ್ಯಾದ ಉಫಾ ಎಂಬ ಊರಿಗೆ ಹೊರಟಾಗ, ಅಕ್ಕನಿಗೆ ಧೈರ್ಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮಣ್ಣ ಮಾಂಜ್ರಾ ಹೊಳೆಯ ಪಾಲಾದಂದಿನಿಂದ ಅಕ್ಕನಿಗೆ ನೀರೆಂದರೆ ಭಯ. ಮಗಳನ್ನು ಭಾಲ್ಕಿಯ ಹಾಸ್ಟೆಲ್ಲಿಗೆ ಕಳಿಸುವಾಗಲೂ ಅಲ್ಲಿನ ಕೆರೆ ಎಷ್ಟು ದೂರ ಎಂದು ವಿಚಾರಿಸಿದವಳು.

"ಆ ಊರಾಗ ಹೊಳಿ ಅದ ಏನು ತಮ್ಮಾ?"

"ಬೆಲಾಯಾ ಅಂತ ಅದ. ಹಂಗಂದ್ರ ಬಿಳೀದು. ಭಾಳ ಶಾಂತ ಹೊಳಿ," ಎಂದೆ. ಶಾಂತ ಎಂಬುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ನಿಮಗೆ ಹೇಳಲು ನಾಚಿಕೆ.

ಮರುವರ್ಷ ಒಂದು ಬೆಳಿಗ್ಗೆ ಅಕ್ಕನ ಫೋನು. "ಬೆಲಾಯಾ ಉಕ್ಕಿ ಬಂದದ ಅಂತ ಟಿವಿದಾಗ ತೋರಸ್ಲಾಕತ್ತಾರ. ಸವಿತಾಗ ಫೋನ್ ಹತ್ತವಲ್ದು. ಶಾಂತ ಹೊಳಿ ಅಂದಾಂವ ನೀನs."

ನಕಾಶೆ ಬಗಲಿಗಿಟ್ಟುಕೊಂಡು ಬೀದರಿಗೆ ಹೋಗಿ ಔರಾದಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅದನ್ನು ಬಿಚ್ಚುವ ಧೈರ್ಯವಾಗಲಿಲ್ಲ. ಅಕ್ಕ ಟಿವಿಯ ಮುಂದೆ ನೆಲದ ಮೇಲೆ ಕೂತಿದ್ದಳು. ನೆರೆ ಬಂದದ್ದು ದಕ್ಷಿಣದ ಕಾಕಸಸ್ ಬೆಟ್ಟಗಳ ಕಡೆ ಎಂದು ಸುದ್ದಿ ಓದುವವಳು ಹೇಳಿದಳು. ಉಫಾ ಇರುವುದು ಉರಾಲ್ ಬೆಟ್ಟಗಳ ಹತ್ತಿರ. ಗಡಬಡಿಸಿ ಪುಸ್ತಕದ ಕೊನೆಯ ಹೆಸರುಪಟ್ಟಿ ತೆರೆದೆ. ಬೆಲಾಯಾ, ಬೆಲಾಯಾ, ಮತ್ತೊಂದು ಬೆಲಾಯಾ. ಮಕ್ಕಳಿಗೆ ನದಿಗಳ ಹೆಸರು ಬಾಯಿಪಾಠ ಮಾಡಿಸಿದ ಮಾಸ್ತರನಿಗೆ ಒಂದೇ ಹೆಸರಿನ ಇಷ್ಟು ನದಿಗಳಿರುವುದು ಗೊತ್ತಿರಲಿಲ್ಲ.

"ಅಕ್ಕಾ, ಉಕ್ಕಿದ್ದು ಬ್ಯಾರೆ ಹೊಳಿ," ಎಂದು ಎರಡನ್ನೂ ಸುತ್ತಿ ತೋರಿಸಿದೆ.

"ಅಕಿ ದನಿ ಕೇಳೋತನಕ ನಿನ್ನ ನಕಾಶಾ ನಂಬಂಗಿಲ್ಲ," ಎಂದಳು.

ಮಧ್ಯಾಹ್ನ ಸವಿತಾ ತಾನೇ ಫೋನು ಮಾಡಿದಳು. ಪರೀಕ್ಷೆಗೆ ಕೂತಿದ್ದರಿಂದ ಫೋನು ಆರಿಸಿಟ್ಟಿದ್ದಳಂತೆ. ಹೊಳೆಯ ಬಗ್ಗೆ ಕೇಳಿದೆ. "ಮಾಮಾ, ಇಲ್ಲಿ ಸುಮಾರು ಹೊಳಿಗೆ ಅದs ಹೆಸರದ್ರಿ. ನಮ್ಮದು ಸುಮ್ಮನ ಹರೀಲಾಕತ್ತದ."

ಅಕ್ಕ ಫೋನನ್ನು ಕಿವಿಗೊತ್ತಿಕೊಂಡು ಬಹಳ ಹೊತ್ತು ಬರೀ "ಹ್ಞೂಂ, ಹ್ಞೂಂ" ಎಂದಳು. ಆಮೇಲೆ ಮುಖ ತೊಳೆದು ಬಂದು ರೊಟ್ಟಿ ಬಡಿಯಲು ಕೂತಳು. ಆ ಸಪ್ಪಳ ಕೇಳುತ್ತ ನಾನು ಗೋಡೆಗೊರಗಿದೆ. ಮೂರನೆಯ ರೊಟ್ಟಿಗೆ ಅಕ್ಕ ಕೈ ನಿಲ್ಲಿಸಿದಳು.

"ಆ ಇನ್ನೊಂದು ಬೆಲಾಯಾ ದಂಡಿಗಿದ್ದ ಮಕ್ಕಳೂ ಮನಿಗೆ ಫೋನ್ ಮಾಡಿರಬೇಕಲ್ಲ, ತಮ್ಮಾ?"

ನಾನು ಎದ್ದು ಮತ್ತೆ ಟಿವಿಯ ಮುಂದೆ ಕೂತೆ.

ಸವಿತಾ ಈಗ ಬೀದರಿನಲ್ಲೇ ಡಾಕ್ಟರು. ನಾವೆಲ್ಲ ನೆಮ್ಮದಿಯಾಗಿದ್ದೇವೆ. ಆದರೂ ಎಲ್ಲಿಯದೋ ಹೊಳೆ ಉಕ್ಕಿದ ಸುದ್ದಿ ಬಂದರೆ, ನಮ್ಮದಲ್ಲವೆಂದು ಟಿವಿ ಆರಿಸಲು ನನಗೆ ಕೈ ಬರುವುದಿಲ್ಲ.