ಕಮಲಾಕರನ ಹಾರ್ಡ್ ಡಿಸ್ಕಿಗೆ ಅರಿಶಿನ

ಚೆನ್ನೈನ ವೇಲಚೇರಿಯಲ್ಲಿ ಕಂಪ್ಯೂಟರ್ ಕೆಟ್ಟ ಮನೆಗಳಿಗೆಲ್ಲ ಕಮಲಾಕರ ಗೊತ್ತಿದ್ದ. ಅವನ ಅಪ್ಪ ಕೊಳ್ಳೇಗಾಲದ ಕಡೆಯಿಂದ ಬಂದು ರೈಲ್ವೆ ಸೇರಿದವರು. ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ಬೆಳೆದ ಮಗ, ರಿಚಿ ಸ್ಟ್ರೀಟಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಪೆಟ್ಟಿಗೆ ಹೊರುತ್ತ ಹೊರುತ್ತ ರಿಪೇರಿ ಕಲಿತ. ಬೇರೆಯವರು ಬಂದರೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು ಎಂದು ಹೇಳಿ ಕೂತುಬಿಡುತ್ತಿದ್ದರು. ಇವನು ಮೊದಲು ಕೇಳುತ್ತಿದ್ದುದೇ ಬೇರೆ: "ಇದರೊಳಗೆ, ಹೋದ್ರೆ ಅಳುವಂಥದ್ದು ಏನಿದೆ?"

ಅವನನ್ನು ಮನೆಗೆ ಕರೆಸಿದ್ದ ಪುಟ್ಟತಾಯಮ್ಮನಿಗೆ ಆ ಪ್ರಶ್ನೆ ಹಿಡಿಸಿತು. ಉತ್ತರವೂ ಇತ್ತು: ಅಕ್ಕ ಚಿಕ್ಕತಾಯಮ್ಮ ಹಾಡಿದ ಸೋಬಾನೆ ಪದಗಳು. ಅಕ್ಕ ಮಳವಳ್ಳಿಯಿಂದ ಬಂದಿದ್ದಾಗ ಮೊಮ್ಮಗಳು ತನುಶ್ರೀ ಮೈಕು ಹಿಡಿದು ಕಂಪ್ಯೂಟರಿಗೆ ತುಂಬಿಸಿಕೊಂಡಿದ್ದಳು. ಆಮೇಲೆ ಅಕ್ಕ ತೀರಿಕೊಂಡಳು. ಆ ಪದಗಳು ಪೂರ್ತಿ ಬರುತ್ತಿದ್ದುದು ಅವಳೊಬ್ಬಳಿಗೇ. ಈಗ ತನುಶ್ರೀಯ ಮದುವೆ. ಅರಿಶಿನ ಹಚ್ಚುವಾಗ ಆ ದನಿಯನ್ನೇ ಕೇಳಿಸಬೇಕೆಂದು ಅಜ್ಜಿ ಮೊಮ್ಮಗಳು ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಕಂಪ್ಯೂಟರಿಗೆ ವೈರಸ್ ಹಿಡಿದು, ಹಚ್ಚಿದರೆ ತಾನೇ ಆರಿ ತಾನೇ ಹತ್ತಿಕೊಳ್ಳತೊಡಗಿತು.

"ಹಳೇದ ಅಳಿಸಾಕಿ ಹೊಸದ ಹಾಕ್ತೀಯಾ? ಸುಣ್ಣ ಬಳಿದಂಗೆ?" ಎಂದು ಪುಟ್ಟತಾಯಮ್ಮ ಕೇಳಿದರು.

"ಆಮಾಮ್ಮಾ, ಹಾಗೇನೇ. ಸುಣ್ಣಕ್ಕೆ ಮುಂಚೆ ಸಾಮಾನು ಹೊರಗಿಡ್ತೀರಲ್ಲ, ಅದನ್ನೇ ಮಾಡ್ತಿರೋದು."

"ಪಕ್ಕದ ರೂಮಲ್ಲಿ ಇಟ್ರೆ ಸಾಲ್ದಾ?"

"ಪಕ್ಕದ ರೂಮೂ ಅದೇ ಮನೇಲಿ ತಾನೆ? ಕೈ ತಪ್ಪಿ ಅಲ್ಲಿಗೂ ಬಳಿದುಬಿಟ್ಟವರನ್ನ ನೋಡಿದೀನಿ."

ಅವನು ಚೀಲದಿಂದ ತನ್ನದೇ ಒಂದು ಹಾರ್ಡ್ ಡಿಸ್ಕ್ ತೆಗೆದು ಜೋಡಿಸಿದ. ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸಿ, ಪದಗಳನ್ನೆಲ್ಲ ಅದಕ್ಕೆ ತುಂಬಿ, ಬಿಚ್ಚಿ ಪುಟ್ಟತಾಯಮ್ಮನ ಕೈಗಿಟ್ಟ. ಎಲ್ಲ ಮನೆಯಲ್ಲೂ ಅವನದು ಇದೇ ರೂಢಿ.

"ಕೆಲಸ ಮುಗಿಯೋವರೆಗೂ ನೀವೇ ಇಟ್ಕೊಳಿ. ನನ್ನ ಕೈಗೆ ಸಿಗಬಾರದು."

"ಇಷ್ಟು ಭಾರ ಐತಲ್ಲಪ್ಪ! ಪದದ ಭಾರಾನಾ?"

"ಪದಕ್ಕೆ ಭಾರ ಇಲ್ಲಮ್ಮ. ಖಾಲಿ ಇದ್ದಾಗ್ಲೂ ಇಷ್ಟೇ."

ಅದನ್ನು ನಂಬಲು ಪುಟ್ಟತಾಯಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಕಡೆ ಬೋಳು ತಗಡು. ಇನ್ನೊಂದು ಕಡೆ ಹಸಿರು ಹಲಗೆ, ಅದರ ತುಂಬ ರಂಗೋಲಿ ಎಳೆದಂತೆ ಗೆರೆಗಳು. ಇದೇ ಮುಖವಿರಬೇಕು ಅಂದುಕೊಂಡರು. ಮದುವೆ ಹತ್ತಿರವಾದ ಮನೆ. ಹೊಸ ಕೊಡ, ಒರಳು, ಮೊನ್ನೆ ಬಂದ ಗ್ರೈಂಡರ್ ಎಲ್ಲಕ್ಕೂ ಅವರು ಅರಿಶಿನ ಕುಂಕುಮ ಇಟ್ಟಾಗಿತ್ತು. ಅಕ್ಕನಿರುವ ಡಬ್ಬಿಯನ್ನು ಬರಿದಾಗಿ ಇಟ್ಟುಕೊಳ್ಳುವುದು ಹೇಗೆ? ಪರದೆಯ ಮೇಲೆ ಹೊಸ ವಿಂಡೋಸಿನ ಹಸಿರು ಪಟ್ಟಿ ಆಮೆಯಂತೆ ತೆವಳುತ್ತಿದ್ದಾಗ ಅವರು ದೇವರ ಗೂಡಿಗೆ ಹೋಗಿ ಬಂದರು.

ಹೊಸ ವಿಂಡೋಸ್ ಎದ್ದು ನಿಂತಿತು. ಕಮಲಾಕರ ಡಿಸ್ಕಿಗೆ ಕೈ ಚಾಚಿದವನು ಹಾಗೇ ನಿಂತ.

"ಅಮ್ಮಾ, ಇದೇನು?"

"ಅರಿಶಿನ ಕಣಪ್ಪ."

"ಅಯ್ಯಯ್ಯೋ ಅಜ್ಜಿ, ಎನ್ನ ಪಣ್ಣಿಟ್ಟೆ! ಏನ್ ಮಾಡಿಬಿಟ್ಟೆ!" ಎಂದು ತನುಶ್ರೀ ತಲೆ ಮೇಲೆ ಕೈ ಹೊತ್ತಳು.

"ನೀರಲ್ಲಿ ಕಲಸಿದ್ರಾ?" ಕಮಲಾಕರ ಕೇಳಿದ.

"ಇಲ್ದಿದ್ರೆ ಅಂಟತದಾ?"

ಹಳೆಯದನ್ನೆಲ್ಲ ಅಳಿಸಿಯಾಗಿತ್ತು. ಪದಗಳಿದ್ದುದು ಈಗ ಇದೊಂದರಲ್ಲೇ. ಕಮಲಾಕರ ಬೈಯಲಿಲ್ಲ. ಎಲ್ಲೆಲ್ಲಿ ಇಟ್ಟಿರಿ ಎಂದು ಕೇಳಿ, ಅವರು ತೋರಿಸಿದ ಕಡೆಯೆಲ್ಲ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದ. ಆಮೇಲೆ ಫ್ಯಾನಿನ ಕೆಳಗಿಟ್ಟು ತಾನೂ ನೆಲದ ಮೇಲೆ ಕೂತ.

"ಪದ ತೊಳ್ದೋಯ್ತಾ?" ಪುಟ್ಟತಾಯಮ್ಮನ ದನಿ ಇಳಿದಿತ್ತು.

"ಪದ ಇರೋದು ಒಳಗಡೆ, ಒಂದು ತಟ್ಟೆ ಮೇಲೆ. ಅರಿಶಿನ ಹೊರಗಿತ್ತು. ಆದ್ರೆ ಹೊರಗಿನ ಹಲಗೆ ಕೆಟ್ರೆ ತಟ್ಟೆ ತಿರುಗಲ್ಲ. ಈಗ್ಲೇ ಹೇಳಕ್ಕಾಗಲ್ಲಮ್ಮ."

ಆದರೂ ಪುಟ್ಟತಾಯಮ್ಮನ ಬಾಯಿ ಸುಮ್ಮನಿರಲಿಲ್ಲ. "ತಟ್ಟೇನಾ? ಎಂತಾ ತಟ್ಟೆ?"

"ಕನ್ನಡಿ ಥರ ಹೊಳೆಯುತ್ತೆ. ಗಿರಗಿರ ತಿರುಗುತ್ತೆ."

"ರಾಗಿಕಲ್ಲಿನಂಗಾ?"

"ರಾಗಿಕಲ್ಲು ಆ ಸ್ಪೀಡಲ್ಲಿ ತಿರುಗಿದ್ರೆ ಹಿಟ್ಟು ತಾಂಬರಂ ತಲುಪುತ್ತೆ," ಎಂದ ಕಮಲಾಕರ. ತನುಶ್ರೀಗೆ ಸಿಟ್ಟಿನಲ್ಲೂ ನಗು ಬಂತು. "ಇನ್ಮೇಲೆ ಡಬ್ಬೀಲಿ ಹಾಕಿ ಕೊಡ್ತೀನಮ್ಮ. ಅರಿಶಿನ ಮುಚ್ಚಳಕ್ಕೆ ಇಡಿ."

ಕಾಫಿ ಆಯಿತು. ಅವನು ಡಿಸ್ಕನ್ನು ಬೆಳಕಿಗೆ ಹಿಡಿದು ಸಂದುಸಂದೂ ನೋಡಿ, ಜೋಡಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟ.

"ಕಿವಿ ಕೊಡಿ."

ಪುಟ್ಟತಾಯಮ್ಮ ಬಗ್ಗಿ ಕಂಪ್ಯೂಟರ್ ಪೆಟ್ಟಿಗೆಯ ಹತ್ತಿರ ಕಿವಿ ಹಿಡಿದರು. ಮೊದಲು ಏನೂ ಇಲ್ಲ. ಆಮೇಲೆ ಟಿಕ್ ಎಂದು, ಸಣ್ಣದೊಂದು ಗುಂಯ್‌ಗುಡುವಿಕೆ ಮೇಲೇರುತ್ತ ಹೋಯಿತು.

"ತಿರುಗ್ತಾ ಐತೆ," ಎಂದರು ಮೆಲ್ಲಗೆ.

ತನುಶ್ರೀ ಮೌಸ್ ಒತ್ತಿದಳು. ಸ್ಪೀಕರಿನಿಂದ ಮೊದಲು ಒಂದು ಕೆಮ್ಮು. ಆಮೇಲೆ ಚಿಕ್ಕತಾಯಮ್ಮನ ದನಿ: "ಸುರು ಮಾಡ್ಲಾ?"

"ಮಾಡಕ್ಕ," ಎಂದರು ಪುಟ್ಟತಾಯಮ್ಮ.