ಕಣ್ಣಿಗೆ ಎಷ್ಟು, ಕಿವಿಗೆ ಎಷ್ಟು

ಕಾಪುವಿನಲ್ಲಿರುವ ನನ್ನ ಅತ್ತೆ, ಎಂದರೆ ಅಪ್ಪನ ತಂಗಿ, ಸಿನಿಮಾ ಹುಚ್ಚಿನ ಹೆಂಗಸು. ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಅವರ ಎರಡೂ ಕಿವಿ ಮಂದವಾದವು. ಯಂತ್ರ ಹಾಕಿಸಿದೆವು. ಹಾಕಿಕೊಂಡರೆ ಸದ್ದು ಕೇಳುತ್ತಿತ್ತು, ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಬಸ್ಸಿನ ಹಾರ್ನು, ಮಿಕ್ಸಿ, ಮಾವನ ಮಾತು ಎಲ್ಲವೂ ಒಂದೇ ಗದ್ದಲ. ಕೆಲವೇ ದಿನಗಳಲ್ಲಿ ಅತ್ತೆ ಯಂತ್ರವನ್ನು ತೆಗೆದು ಡಬ್ಬಿಯಲ್ಲಿಟ್ಟರು.

ಆಮೇಲೊಮ್ಮೆ ಮಾವ ಅವರನ್ನು ಮಣಿಪಾಲಕ್ಕೆ ತುಳು ಹಾಸ್ಯದ ಸಿನಿಮಾಕ್ಕೆ ಕರೆದುಕೊಂಡು ಹೋದರು. ಸುತ್ತಲಿನವರು ಬಿದ್ದು ಬಿದ್ದು ನಗುವಾಗ ಅತ್ತೆ ಮಾವನ ಮುಖ ನೋಡಿ, ಅವರು ನಕ್ಕರೆ ತಾವೂ ನಕ್ಕು, ಹೇಗೋ ಮುಗಿಸಿ ಬಂದರು. ಮರುದಿನ ನನಗೆ ವಾಟ್ಸಾಪಿನಲ್ಲಿ ಬರೆದರು: "ಇನ್ನು ಸಿನಿಮಾ ನೀನು ಮೊದಲು ನೋಡು. ಕಣ್ಣಿಗೆ ಎಷ್ಟು ಉಂಟು, ಕಿವಿಗೆ ಎಷ್ಟು ಉಂಟು ಅಂತ ನಾಲ್ಕು ಸಾಲು ಬರೆ. ಕಣ್ಣಿಗೆ ಉಂಟಾದರೆ ಮಾತ್ರ ನಾನು ಬರುವುದು."

ನಾನು ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಶನಿವಾರ ಮಧ್ಯಾಹ್ನದ ಮೇಲೆ ಬಿಡುವು. ಹೀಗೆ ನಾನು ಒಬ್ಬರೇ ಓದುಗರಿರುವ ವಿಮರ್ಶಕಿಯಾದೆ.

ಮೊದಲನೆಯ ವಿಮರ್ಶೆ ಇನ್ನೂ ಫೋನಿನಲ್ಲಿದೆ. "ಅಡುಗೆಗೆ ಬಂದವನನ್ನೇ ಮದುಮಗ ಅಂದುಕೊಂಡು ಆರತಿ ಎತ್ತುತ್ತಾರೆ. ಮೊದಲರ್ಧ ಬರೀ ಮಾತು. ಕೊನೆಗೆ ಒಬ್ಬ ಸಾರಿನ ಕೊಪ್ಪರಿಗೆಗೆ ಬೀಳುತ್ತಾನೆ, ಅದು ಚೆನ್ನಾಗಿ ಉಂಟು. ಕಣ್ಣಿಗೆ ಕಾಲು ಭಾಗ, ಕಿವಿಗೆ ಮುಕ್ಕಾಲು."

ಅತ್ತೆಯ ಉತ್ತರ ಕೂಡಲೇ ಬಂತು. "ಬೀಳುವುದನ್ನು ನೋಡಲಿಕ್ಕೆ ಮಣಿಪಾಲಕ್ಕೆ ಬರಬೇಕಾ? ನಿನ್ನ ಮಾವ ಮಳೆಗಾಲದಲ್ಲಿ ಅಂಗಳದಲ್ಲೇ ಬೀಳ್ತಾರೆ."

ಇನ್ನೊಂದು ಚಿತ್ರದಲ್ಲಿ ಮೂವರು ಮುದಿ ಗಾಯಕರು ಹಳೆಯ ಪ್ರೇಮಗೀತೆಗಳ ಧಾಟಿಗೆ ಬಂಗುಡೆ ಮೀನಿನ ಸಾರಿನ ವರ್ಣನೆ ಸೇರಿಸಿ ಹಾಡುತ್ತ ಊರೂರು ತಿರುಗುತ್ತಾರೆ. ನಾನು ಬರೆದದ್ದು ಎರಡೇ ಮಾತು: "ಎಲ್ಲ ಕಿವಿಗೆ. ಬೇಡ." ಅತ್ತೆಗೆ ಸಿಟ್ಟು ಬಂತು. ನೆಂಟರ ಮದುವೆಗಳಲ್ಲಿ ಗಂಡಿನ ಕಡೆಯವರನ್ನು ಅಣಕಿಸಿ ಇಂಥ ಹಾಡು ಕಟ್ಟುತ್ತಿದ್ದವರೇ ಅವರು. "ಧಾಟಿ ಯಾವುದು, ಸಾಹಿತ್ಯ ಎಂತ, ಬರೆಯಲಿಕ್ಕೆ ನಿನಗೆ ಕೈ ಇಲ್ಲವಾ?" ಎಂದು ಕೇಳಿದರು.

ನಾನು ಮತ್ತೊಮ್ಮೆ ಹೋಗಿ, ಕತ್ತಲಲ್ಲಿ ಅಂದಾಜಿನಲ್ಲೇ ಗೀಚಿಕೊಂಡು, ಭಾನುವಾರ ಆ ಕಾಗದ ಹಿಡಿದು ಕಾಪುವಿಗೆ ಹೋದೆ. ಧಾಟಿ ಅವರಿಗೆ ಬಾಯಿಪಾಠವಿತ್ತು. ಜಗಲಿಯಲ್ಲಿ ಕುಳಿತು ದೊಡ್ಡ ದನಿಯಲ್ಲಿ ಹಾಡತೊಡಗಿದರು. ಕಾಯಿ ತುರಿಯುತ್ತಿದ್ದ ಮಾವ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಎರಡು ಚರಣ ಮುಗಿಸಿ ಅತ್ತೆ ನಿಲ್ಲಿಸಿದರು.

"ಶ್ರುತಿ ತಪ್ಪಿತಾ?"

ತಪ್ಪಿತ್ತು. ಮಾವ ಇಲ್ಲವೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.

"ಮೂರನೇ ಚರಣ ಸುಮ್ಮನೆ ತುಂಬಿಸಿದ್ದಾರೆ ಮಾರಾಯ್ತಿ, ಪ್ರಾಸವೇ ಇಲ್ಲ" ಎನ್ನುತ್ತ ಅತ್ತೆ ನನ್ನ ಪೆನ್ನು ಕಸಿದುಕೊಂಡು ಅದನ್ನು ತಿದ್ದಲು ಕುಳಿತರು.

ಆಮೇಲೆ ಬಂದದ್ದು, ಮಗ ಮಾಡಿದ ಕೊಲೆಯನ್ನು ಅಪ್ಪ ಮುಚ್ಚಿಡುವ ಕಥೆಯ ಚಿತ್ರ. "ಎರಡೂವರೆ ಗಂಟೆ ಬರೀ ದುಃಖ. ಯಾರೂ ಬಾಯಿ ಬಿಡುವುದಿಲ್ಲ. ಖಂಡಿತ ಬೇಡ" ಎಂದು ಬರೆದೆ.

"ಯಾರೂ ಬಾಯಿ ಬಿಡುವುದಿಲ್ಲವಾ? ಹಾಗಾದರೆ ನಾಳೆಯೇ ಹೋಗುವ."

ಮರುದಿನ ನಾನು ಕಾಪುವಿಗೆ ಹೋಗಿ ಅವರನ್ನು ಹೊರಡಿಸಿದೆ. ಉಡುಪಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಮ್ಯಾಟಿನಿಗೆ ಹೋದೆವು. ಸಿನಿಮಾ ಮುಗಿಯುವವರೆಗೂ ಅತ್ತೆ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಹೊರಗೆ ಬಂದು ಒಂದು ಹೋಟೆಲಿನಲ್ಲಿ ಗೋಳಿಬಜೆಗೆ ಹೇಳಿ ಕುಳಿತಾಗ ಅವರು ಕೇಳಿದರು: "ಆ ತಾಯಿಗೆ ಮೊದಲಿನಿಂದಲೂ ಗೊತ್ತಿತ್ತು, ಅಲ್ವಾ?"

ಕೊನೆಯಲ್ಲಿ ತಾನೆ ಗೊತ್ತಾಗುವುದು ಎಂದು ಫೋನಿನಲ್ಲಿ ಬರೆದು ತೋರಿಸಿದೆ.

"ಎಂತ ನೋಡಿದ್ದು ನೀನು? ಎರಡನೇ ದಿನವೇ ಅವಳು ಮಗನ ಅಂಗಿಯನ್ನು ಬೇರೆ ಬಾಲ್ದಿಯಲ್ಲಿ ಒಗೀತಾಳೆ. ಅವಳಿಗೆ ಯಾರೂ ಹೇಳಲಿಲ್ಲ. ಅಪ್ಪ ಮಗ ಬಾಗಿಲು ಹಾಕಿಕೊಂಡು ಮಾತಾಡ್ತಾರೆ. ಅವಳು ಕೇಳಿದರೆ ಎಂತ ಇಲ್ಲ ಅಂತಾರೆ." ಅತ್ತೆ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನೀವೂ ಹಾಗೆಯೇ. ಎಲ್ಲರೂ ನಗ್ತೀರಿ. ಯಾಕೆ ಅಂತ ಕೇಳಿದರೆ ಎಂತ ಇಲ್ಲ, ಆಮೇಲೆ ಹೇಳ್ತೇವೆ ಅಂತೀರಿ. ಆಮೇಲೆ ಯಾರೂ ಹೇಳುವುದಿಲ್ಲ. ಕಿವಿ ಹೋದದ್ದಕ್ಕಿಂತ ನನಗೆ ಅದೇ ಜಾಸ್ತಿ ನೋವು ಮಗಾ."

ನನಗೆ ಮುಖ ಎತ್ತಲಾಗಲಿಲ್ಲ. ಹಿಂದಿನ ತಿಂಗಳು ಕಾರ್ಕಳದಲ್ಲಿ ನನ್ನ ತಮ್ಮನ ಮಗುವಿನ ನಾಮಕರಣದ ದಿನ ಇಡೀ ಮನೆ ನಕ್ಕಿತ್ತು. ಅತ್ತೆ ನನ್ನ ತೋಳು ಹಿಡಿದು ಯಾಕೆಂದು ಕೇಳಿದ್ದರು. "ಆಮೇಲೆ" ಎಂದು ಕೈಸನ್ನೆ ಮಾಡಿ ನಾನು ಊಟ ಬಡಿಸಲು ಹೋಗಿದ್ದೆ.

ಫೋನು ತೆಗೆದು ಬರೆದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ನನ್ನ ಅಪ್ಪ ಗಾಬರಿಯಾಗಿ ಮಗುವಿನ ಹೆಸರಿನ ಬದಲು ತಮ್ಮದೇ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟಿದ್ದರು, ಅದೂ ಮೂರು ಸಲ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಓದಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಕಣ್ಣೊರೆಸಿಕೊಂಡು, "ನನ್ನ ಅಣ್ಣನ ಇಷ್ಟು ಒಳ್ಳೆಯ ಕಥೆಯನ್ನು ಒಂದು ತಿಂಗಳು ಮುಚ್ಚಿಟ್ಟೆಯಾ?" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಆ ಸಂಜೆ ಮನೆಯವರ ಗ್ರೂಪಿನಲ್ಲಿ ಅತ್ತೆಯೇ ವಿಮರ್ಶೆ ಬರೆದರು. "ಈ ಸಿನಿಮಾಕ್ಕೆ ಕಿವಿ ಬೇಡ. ತಾಯಿಯ ಕೈಗಳನ್ನು ನೋಡಿ. ಅಣ್ಣನ ಮಗಳು ಬರೆದದ್ದು ಪೂರ್ತಿ ತಪ್ಪು."

ಹೋಟೆಲಿನಲ್ಲಿ ಆದ ಮಾತನ್ನು ನಾನು ಮಾವನಿಗೆ ಹೇಳಿದೆ. ಫೋನಿನಲ್ಲಿ ಬರೆಯಲು ಅವರಿಗೆ ಬಾರದು. ಮುಂದಿನ ವಾರ ಹೋದಾಗ ಅಡುಗೆಮನೆಯ ಗೋಡೆಯಲ್ಲಿ ಮಕ್ಕಳ ಸ್ಲೇಟೊಂದು ತೂಗುತ್ತಿತ್ತು. ಮಾವನ ಅಕ್ಷರ ಓರೆಕೋರೆಯಾಗಿತ್ತು: "ಈಗ ನಾನು ಫೋನಿನಲ್ಲಿ ನಕ್ಕದ್ದು ಯಾಕೆಂದರೆ". ಅದರ ಕೆಳಗೆ ಐದು ಸಾಲು. ಅತ್ತೆ ಸೌಟು ಹಿಡಿದುಕೊಂಡೇ ಓದುತ್ತ ನಿಂತಿದ್ದರು.